ದಾರಿ ತೋರುವ ಪೆಟ್ಟಿಗೆ

ರಾತ್ರಿ ಹತ್ತೂವರೆಯ ಸಮಯ. ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ಯಂತ್ರಗಳ ಸದ್ದು ಇನ್ನೂ ಪೂರ್ತಿಯಾಗಿ ಅಡಗಿಲ್ಲ. ಎರಡನೆಯ ಪಾಳಿ ಮುಗಿಸಿದವರು ಕೈಗೆ ಅಂಟಿದ ಎಣ್ಣೆಯನ್ನು ಒರೆಸಿಕೊಳ್ಳುತ್ತ, ಬುತ್ತಿಯ ಡಬ್ಬಿ ಹಿಡಿದು ಹೊರಬೀಳುತ್ತಿದ್ದಾರೆ. ಅವರ ನಡುವೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದ ತರುಣನೊಬ್ಬನನ್ನು ವಾಚಕರು ಊಹಿಸಿಕೊಳ್ಳಬಹುದು. ಅವನು ಬಾಡಿಗೆಯ ಕೋಣೆಗೆ ಬಂದು, ತಣ್ಣಗಾದ ಅನ್ನ ಸಾರು ಉಂಡು, ಜೊತೆಗಾರರಿಬ್ಬರೂ ಮಲಗಿದ ಮೇಲೆ, ಯಾರಿಂದಲೋ ಅರ್ಧ ಬೆಲೆಗೆ ಕೊಂಡ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತೆರೆಯುತ್ತಾನೆ. ಸಿನಿಮಾ ಇಲ್ಲ, ಹಾಡಿಲ್ಲ. ಬರಿಯ ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಬಿಳಿಯ ಗೆರೆ. ಆ ಗೆರೆಯ ಬಳಿ ಅವನು ಒಂದು ಆಜ್ಞೆಯನ್ನು ಬರೆಯುತ್ತಾನೆ. ಯಂತ್ರ ಒಪ್ಪುವುದಿಲ್ಲ. ಅಳಿಸಿ ಮತ್ತೆ ಬರೆಯುತ್ತಾನೆ.

ಊರಿನಿಂದ ತಾಯಿ ದೂರವಾಣಿಯಲ್ಲಿ ಕೇಳುತ್ತಾಳೆ: “ಅದೇನೋ ರೂಟರು ಅಂತೀಯಲ್ಲಪ್ಪ, ಅದನ್ನ ಕಲಿತರೆ ಎಂಥ ಕೆಲಸ ಸಿಗುತ್ತೆ?”

“ಅಂಚೆ ಕಚೇರಿ ಕೆಲಸ ಇದ್ದಂಗೆ ಅಂದ್ಕೊಳ್ಳಮ್ಮ. ಕಾಗದ ಯಾವ ಊರಿಗೆ ಹೋಗಬೇಕೋ ಆ ದಾರಿಗೆ ಹಾಕೋದು.”

“ಹಂಗಾದ್ರೆ ಸರ್ಕಾರಿ ಕೆಲಸವಾ?”

ಮಗ ನಕ್ಕು ಸುಮ್ಮನಾಗುತ್ತಾನೆ. ಇಂಥ ತರುಣರು, ತರುಣಿಯರು ಬೆಂಗಳೂರಿನ ಹೊರವಲಯದಲ್ಲಿ ಒಬ್ಬಿಬ್ಬರಲ್ಲ. ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿದವರು, ಪದವಿ ಪಡೆದೂ ದೂರವಾಣಿಯಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸಕ್ಕೆ ಕುಳಿತವರು, ಮದುವೆಯಾಗಿ ಮಗುವಿನ ಕಾರಣಕ್ಕೆ ನಾಲ್ಕು ವರ್ಷ ಮನೆಯಲ್ಲಿದ್ದು ಮತ್ತೆ ಉದ್ಯೋಗಕ್ಕೆ ಹಂಬಲಿಸುವವರು—ಇವರೆಲ್ಲರ ಬಾಯಲ್ಲೂ ನಾಲ್ಕು ಅಕ್ಷರಗಳ ಒಂದು ಮಂತ್ರವಿದೆ: ಸಿ.ಸಿ.ಎನ್.ಎ. ಸಿಸ್ಕೊ ಎಂಬ ಅಮೆರಿಕದ ಸಂಸ್ಥೆ 1998ರಲ್ಲಿ ಆರಂಭಿಸಿದ ಪರೀಕ್ಷೆಯ ಹೆಸರು ಅದು. ಗಣಕಯಂತ್ರಗಳ ನಡುವೆ ದಾರಿ ಹಾಕುವ ವಿದ್ಯೆಯಲ್ಲಿ ಇದು ಮೊದಲ ಮೆಟ್ಟಿಲೆಂದು ಉದ್ಯೋಗದಾತರು ಎಣಿಸುತ್ತಾರೆ.

ಅಂಚೆಯವನ ವಿದ್ಯೆ

ಮಗ ತಾಯಿಗೆ ಕೊಟ್ಟ ಉತ್ತರ ಬರಿಯ ಸಮಾಧಾನದ ಮಾತಲ್ಲ. 1972ರ ಆಗಸ್ಟ್ 15ರಂದು ನಮ್ಮ ಅಂಚೆ ಇಲಾಖೆ ಆರಂಕಿಯ ಪಿನ್ ಕೋಡನ್ನು ಜಾರಿಗೆ ತಂದಿತು. ಪೀಣ್ಯಕ್ಕೆ 560058, ವೈಟ್‌ಫೀಲ್ಡಿಗೆ 560066, ಎಲೆಕ್ಟ್ರಾನಿಕ್ ಸಿಟಿಗೆ 560100. ದೆಹಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಪೀಣ್ಯ ಎಲ್ಲಿದೆಯೆಂದು ತಿಳಿದಿರಬೇಕಾಗಿಲ್ಲ. ಮೊದಲ ಮೂರು ಅಂಕಿ 560 ಎಂದು ಕಂಡರೆ ಸಾಕು, ಬೆಂಗಳೂರಿನ ಚೀಲಕ್ಕೆ ಹಾಕುತ್ತಾನೆ. ಉಳಿದ ಮೂರು ಅಂಕಿಗಳನ್ನು ನೋಡುವುದು ಬೆಂಗಳೂರಿನವನ ಹೊಣೆ.

ರೂಟರ್ ಎಂಬ ಪೆಟ್ಟಿಗೆ ಮಾಡುವುದೂ ಇದನ್ನೇ. ಕಂಪ್ಯೂಟರಿನಿಂದ ಹೊರಟ ಸಂದೇಶ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿಯೊಂದು ಪೊಟ್ಟಣದ ನೆತ್ತಿಯ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಇರುತ್ತವೆ. ರೂಟರ್ ಆ ವಿಳಾಸದ ಮುಂಭಾಗವನ್ನು ತನ್ನಲ್ಲಿರುವ ದಾರಿಗಳ ಪಟ್ಟಿಯೊಡನೆ ಹೋಲಿಸಿ, ಎಲ್ಲಕ್ಕಿಂತ ಹೆಚ್ಚು ಹೊಂದುವ ಸಾಲನ್ನು ಆರಿಸಿ, ಪೊಟ್ಟಣವನ್ನು ಮುಂದಿನ ನಿಲ್ದಾಣಕ್ಕೆ ದಾಟಿಸುತ್ತದೆ. ಮೈಸೂರಿನಿಂದ ಹುಬ್ಬಳ್ಳಿಗೆ ಹೊರಟವರು ಅರಸೀಕೆರೆಯಲ್ಲಿ ದೊಡ್ಡ ಹಾದಿಗೆ ಸೇರಿಕೊಳ್ಳುವಂತೆ, ಪೊಟ್ಟಣಗಳು ಒಂದೊಂದು ಕೂಡುದಾರಿಯಲ್ಲೂ ಮುಂದಿನ ಹಾದಿ ಹಿಡಿಯುತ್ತವೆ. ಅಂಚೆಯವನಿಗೂ ಈ ಪೆಟ್ಟಿಗೆಗೂ ಭೇದವಿರುವುದು ಒಂದು ಕಡೆ. ವಿಳಾಸ ಅರ್ಧಂಬರ್ಧ ಬರೆದಿದ್ದರೂ ಅಂಚೆಯವನು ನಾಲ್ಕು ಜನರನ್ನು ಕೇಳಿ ಮನೆಗೆ ಮುಟ್ಟಿಸಿಯಾನು. ಪಟ್ಟಿಯಲ್ಲಿ ದಾರಿಯಿಲ್ಲದ ಪೊಟ್ಟಣವನ್ನು ರೂಟರ್ ಕನಿಕರವಿಲ್ಲದೆ ಕೈಬಿಡುತ್ತದೆ. ಆದುದರಿಂದ ಆ ಪಟ್ಟಿಯನ್ನು ಸರಿಯಾಗಿ ಇರಿಸುವ ಮನುಷ್ಯ ಬೇಕು. ಆ ಮನುಷ್ಯನಾಗುವುದಕ್ಕಾಗಿಯೇ ಪೀಣ್ಯದ ತರುಣ ನಿದ್ದೆಗೆಡುವುದು.

ಕೋನಪ್ಪನ ಅಗ್ರಹಾರದವರೆಗೆ

ಈ ಪೆಟ್ಟಿಗೆಯ ಹುಟ್ಟಿನ ಬಗ್ಗೆ ಒಂದು ಸೊಗಸಾದ ಕಥೆ ಪ್ರಚಾರದಲ್ಲಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೇರೆ ಬೇರೆ ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದ ಲೆನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿಗಳು ಪರಸ್ಪರ ಓಲೆ ಕಳುಹಿಸಿಕೊಳ್ಳುವ ಆಸೆಯಿಂದ ಇದನ್ನು ಕಂಡುಹಿಡಿದರಂತೆ. ಪ್ರೇಮಕಥೆ ಕೇಳಲು ಚೆನ್ನಾಗಿದೆ. ಆದರೆ ಬಗೆಬಗೆಯ ಭಾಷೆಯ ಯಂತ್ರಗಳನ್ನು ಕೂಡಿಸುವ ಆ ಪೆಟ್ಟಿಗೆಯ ಮೂಲ ತಂತ್ರಾಂಶವನ್ನು ಅದೇ ವಿಶ್ವವಿದ್ಯಾಲಯದ ವಿಲಿಯಂ ಯೇಗರ್ ಎಂಬಾತ ಬರೆದಿದ್ದನು. ಯಂತ್ರದ ಹಲಗೆಗಳಲ್ಲಿ ಆಂಡಿ ಬೆಕ್ಟೋಲ್ಷೈಮ್‌ನ ಕೈವಾಡವಿತ್ತು. ದಂಪತಿಗಳು 1984ರಲ್ಲಿ ಸಿಸ್ಕೊ ಸಂಸ್ಥೆಯನ್ನು ಸ್ಥಾಪಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಹೆಸರಿನ ಬಾಲವೇ ಸಂಸ್ಥೆಯ ಹೆಸರಾಯಿತು. ಆ ತಂತ್ರಾಂಶವನ್ನು ಬಳಸಲು ವಿಶ್ವವಿದ್ಯಾಲಯ ಅವರಿಗೆ ವಿಧಿವತ್ತಾಗಿ ಅನುಮತಿ ಕೊಟ್ಟದ್ದು 1987ರಲ್ಲಿ.

ಇತ್ತ ಬೆಂಗಳೂರಿನಲ್ಲಿ 1976ರಲ್ಲಿ ಕಿಯೋನಿಕ್ಸ್ ಹುಟ್ಟಿತ್ತು. ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರು ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಂಡರು. 1985ರಲ್ಲಿ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ತನ್ನ ತಾಯ್ನೆಲದ ಕಚೇರಿಯೊಡನೆ ನೇರ ಸಂಪರ್ಕ ಪಡೆಯಿತು. 1986ರಲ್ಲಿ ಆರಂಭವಾದ ಎರ್ನೆಟ್ ಎಂಬ ವಿದ್ವಜ್ಜಾಲದಲ್ಲಿ ಐ.ಐ.ಟಿ.ಗಳೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ಬಳಿಕ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಯೂರಿ, ಸ್ವಂತ ಉಪಗ್ರಹ ಸಂಪರ್ಕ ಕಟ್ಟಲಾಗದ ಚಿಕ್ಕ ಸಂಸ್ಥೆಗಳಿಗೂ ಹೊರದೇಶದ ದಾರಿಯನ್ನು ಬಾಡಿಗೆಗೆ ಕೊಟ್ಟಿತು. ಈ ಒಂದು ಅನುಕೂಲವಿಲ್ಲದಿದ್ದರೆ ಹೊಸೂರು ರಸ್ತೆಯ ಚರಿತ್ರೆ ಬೇರೆಯೇ ಆಗುತ್ತಿತ್ತು ಎನ್ನಬೇಕು. 1995ರ ಆಗಸ್ಟ್ 15ರಂದು ದೇಶದ ಸಾಮಾನ್ಯ ಜನರಿಗೆ ಅಂತರಜಾಲ ತೆರೆಯಿತು. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯಕ್ಕೆಂದು ನೆಲೆಸಿದ ವೈಟ್‌ಫೀಲ್ಡಿನಲ್ಲಿ, 1990ರ ದಶಕದ ಕೊನೆಗೆ ಗಾಜಿನ ಕಟ್ಟಡಗಳೆದ್ದವು. 2007ರಲ್ಲಿ ಸಿಸ್ಕೊ ಸಂಸ್ಥೆಯೇ ಬೆಂಗಳೂರಿನಲ್ಲಿ ತನ್ನ ಪೂರ್ವ ದಿಕ್ಕಿನ ಕೇಂದ್ರವನ್ನು ತೆರೆಯಿತು.

ಸೇರು, ಅಚ್ಚೇರು, ಪಾವು

ಕಲಿಯುವವರು ಮೊದಲು ಎಡವುವುದು ಲೆಕ್ಕದಲ್ಲಿ. ಅಂತರಜಾಲದ ಹಳೆಯ ಬಗೆಯ ವಿಳಾಸ 192.168.10.1 ಎಂಬಂತೆ ನಾಲ್ಕು ಸಂಖ್ಯೆಗಳ ಸರಪಳಿ. ಒಂದೊಂದು ಸಂಖ್ಯೆಯೂ ಸೊನ್ನೆಯಿಂದ 255ರೊಳಗೆ. ಯಂತ್ರಕ್ಕೆ ಇದು ಸೊನ್ನೆ-ಒಂದುಗಳ 32 ಮನೆಗಳ ಸಾಲು. ಇಂಥ ವಿಳಾಸಗಳು ಒಟ್ಟು 4,29,49,67,296 ಮಾತ್ರ. ಎಂಟುನೂರು ಕೋಟಿ ದಾಟಿದ ಜನರ ಲೋಕಕ್ಕೆ ಇದು ಸಾಲದೆಂದೇ 128 ಮನೆಗಳ ಹೊಸ ವಿಳಾಸ ಬಂದಿದೆ. ಪರೀಕ್ಷೆಯಲ್ಲಿ ಎರಡೂ ಬೇಕು.

ಇರುವ ವಿಳಾಸಗಳನ್ನು ಪೋಲು ಮಾಡದೆ ತುಂಡರಿಸಿ ಹಂಚುವುದಕ್ಕೆ ಸಬ್‌ನೆಟ್ಟಿಂಗ್ ಎಂದು ಹೆಸರು. ಹೆಸರು ಕೇಳಿಯೇ ಎಷ್ಟೋ ಮಂದಿ ಪುಸ್ತಕ ಮುಚ್ಚುತ್ತಾರೆ. ಆದರೆ ಅಜ್ಜಿಯ ಅಡುಗೆಮನೆಯಲ್ಲಿ ಅಕ್ಕಿ ಅಳೆದದ್ದನ್ನು ಕಂಡವರಿಗೆ ಇದು ಹೊಸತಲ್ಲ. ಸೇರಿನ ಅರ್ಧ ಅಚ್ಚೇರು. ಅದರ ಅರ್ಧ ಪಾವು. ಅದರ ಅರ್ಧ ಅರೆಪಾವು. ಮತ್ತೆ ಅರ್ಧ ಚಟಾಕು. 256 ವಿಳಾಸಗಳ ಗುಂಪನ್ನು ಒಂದು ಸೇರೆಂದು ಇಟ್ಟುಕೊಂಡರೆ 128 ಅಚ್ಚೇರು, 64 ಪಾವು, 32 ಅರೆಪಾವು, 16 ಚಟಾಕು. ನಡುವಿನ ಅಳತೆಯಿಲ್ಲ. ಹನ್ನೆರಡು ಬೇಕಾದರೂ ಒಂದು ಚಟಾಕನ್ನೇ ಕೊಡಬೇಕು.

ಪೀಣ್ಯದ ಒಂದು ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಕಚೇರಿಯಲ್ಲಿ 50 ಕಂಪ್ಯೂಟರುಗಳು, ಯಂತ್ರಶಾಲೆಯಲ್ಲಿ ಜಾಲಕ್ಕೆ ಸೇರಿದ 25 ಯಂತ್ರಗಳು, ಕಾವಲಿಗೆ 12 ಕ್ಯಾಮೆರಾಗಳು, ಇನ್ನೊಂದು ಶಾಖೆಯ ರೂಟರಿಗೆ ಒಂದು ಕೊಂಡಿ. ಕಚೇರಿಗೆ 0ಯಿಂದ 63ರವರೆಗಿನ ಪಾವು, ಯಂತ್ರಶಾಲೆಗೆ 64ರಿಂದ 95ರವರೆಗಿನ ಅರೆಪಾವು, ಕ್ಯಾಮೆರಾಗಳಿಗೆ 96ರಿಂದ 111ರವರೆಗಿನ ಚಟಾಕು, ಕೊಂಡಿಗೆ 112ರಿಂದ 115ರವರೆಗಿನ ನಾಲ್ಕು ಕಾಳು. ಪ್ರತಿ ಅಳತೆಯಲ್ಲೂ ಮೊದಲ ವಿಳಾಸ ಬೀದಿಯ ಹೆಸರಿಗೆ, ಕೊನೆಯದು ಇಡೀ ಬೀದಿಗೆ ಡಂಗುರ ಸಾರುವುದಕ್ಕೆ ಮೀಸಲು. ಆದುದರಿಂದ 64ರಲ್ಲಿ ಮನೆಗಳಿಗೆ ದಕ್ಕುವುದು 62. ಹೀಗೆ 116ರಲ್ಲಿ ಕೆಲಸ ಮುಗಿದು 140 ವಿಳಾಸಗಳು ಮುಂದಿನ ಕಾಲಕ್ಕೆ ಉಳಿಯುತ್ತವೆ. ಕಚೇರಿಯ ಬೀದಿಯನ್ನೂ ಯಂತ್ರಶಾಲೆಯ ಬೀದಿಯನ್ನೂ ಬೇರೆಯಾಗಿ ಇಡುವುದರಲ್ಲಿ ಮಿತವ್ಯಯ ಮಾತ್ರವಲ್ಲ, ಸುರಕ್ಷಿತತೆಯೂ ಇದೆ. ಗುಮಾಸ್ತರ ಕಂಪ್ಯೂಟರಿಗೆ ತಗುಲಿದ ಪಿಡುಗು ಲೋಹ ಕೊರೆಯುವ ಯಂತ್ರಕ್ಕೆ ಸುಲಭವಾಗಿ ಹರಡಬಾರದಷ್ಟೆ.

‘ಮುಚ್ಚಬೇಡ’ ಎಂಬ ಆಜ್ಞೆ

ಹಿಂದೆ ಈ ಅಭ್ಯಾಸಕ್ಕೆ ನಿಜವಾದ ಪೆಟ್ಟಿಗೆಗಳೇ ಬೇಕಾಗಿದ್ದವು. ತರಬೇತಿ ಕೇಂದ್ರದ ಒಂದೇ ರೂಟರಿನ ಸುತ್ತ ಹತ್ತಾರು ಮಂದಿ ನಿಂತು, ನೀಲಿ ಬಣ್ಣದ ಕನ್ಸೋಲ್ ತಂತಿಗಾಗಿ ಸರದಿ ಕಾಯಬೇಕಿತ್ತು. ಈಗ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಪರದೆಯ ಮೇಲೆಯೇ ರೂಟರು, ಸ್ವಿಚ್ಚು, ತಂತಿಗಳನ್ನು ಸೃಷ್ಟಿಸಿಕೊಡುತ್ತದೆ. ಸಿಸ್ಕೊ 1997ರಲ್ಲಿ ಆರಂಭಿಸಿದ ನೆಟ್‌ವರ್ಕಿಂಗ್ ಅಕಾಡೆಮಿಗೆ ಹೆಸರು ಕೊಟ್ಟವರಿಗೆ ಅದು ಉಚಿತ. ಬಡವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಈ ಕ್ಷೇತ್ರದಲ್ಲಿ ಬೇರಾವುದೂ ಮಾಡಿಲ್ಲ.

ರೂಟರಿನ ಶಿಷ್ಟಾಚಾರ ವಿಚಿತ್ರ. ಮೊದಲು ‘ಎನೇಬಲ್’ ಎಂದು ಅಪ್ಪಣೆ ಕೇಳಬೇಕು. ಆಗ ಬಾಣದ ಗುರುತು ಹೋಗಿ ಅಡ್ಡ-ಉದ್ದ ಗೆರೆಗಳ ಗುರುತು ಬರುತ್ತದೆ. ಅನಂತರ ‘ಕಾನ್ಫಿಗರ್ ಟರ್ಮಿನಲ್’ ಎಂದು ಒಳಮನೆಗೆ ಪ್ರವೇಶ. ಅಲ್ಲಿಂದ ಯಾವ ಬಾಗಿಲನ್ನು ತಿದ್ದಬೇಕೋ ಅದರ ಹೆಸರು ಹೇಳಿ ವಿಳಾಸ ಕೊಡಬೇಕು. ಎಲ್ಲವನ್ನೂ ತಪ್ಪಿಲ್ಲದೆ ಬರೆದರೂ ಪೊಟ್ಟಣ ದಾಟುವುದಿಲ್ಲ. ಕಲಿಯುವವನು ತಂತಿ ನೋಡುತ್ತಾನೆ, ಲೆಕ್ಕ ನೋಡುತ್ತಾನೆ, ಒಂದು ಗಂಟೆ ಕಳೆಯುತ್ತಾನೆ. ಸಿಸ್ಕೊ ರೂಟರಿನ ಬಾಗಿಲುಗಳು ಹುಟ್ಟಿನಿಂದಲೇ ಮುಚ್ಚಿರುತ್ತವೆ ಎಂಬುದು ಆಗ ನೆನಪಾಗುತ್ತದೆ. ‘ತೆರೆ’ ಎಂದರೆ ಆ ಯಂತ್ರಕ್ಕೆ ತಿಳಿಯದು. ‘ನೋ ಶಟ್‌ಡೌನ್’, ಅಂದರೆ ‘ಮುಚ್ಚಬೇಡ’ ಎನ್ನಬೇಕು. ಪರದೆಯ ಮೇಲಿನ ಕೆಂಪು ಚುಕ್ಕೆ ಹಸುರಾಗುತ್ತದೆ. ಈ ವಿದ್ಯೆ ಕಲಿತವರಲ್ಲಿ ಆ ಹಸುರನ್ನು ಮರೆತವರು ವಿರಳ.

ಬಳಿಕ ‘ಪಿಂಗ್’. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೆರಿಕನ್ ಬರೆದ ಈ ಪುಟ್ಟ ಸಾಧನ, ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರಿನ ಸದ್ದಿನಿಂದ ಹೆಸರು ಪಡೆದಿದೆ. ‘ಅಲ್ಲಿದ್ದೀಯಾ?’ ಎಂದು ಕೂಗುವುದು, ಉತ್ತರಕ್ಕೆ ಕಾಯುವುದು. ಇಷ್ಟೇ ಅದರ ಕೆಲಸ. ರೂಟರ್ ಐದು ಸಲ ಕೂಗುತ್ತದೆ. ಉತ್ತರ ಬಂದರೆ ಆಶ್ಚರ್ಯಚಿಹ್ನೆ, ಬರದಿದ್ದರೆ ಚುಕ್ಕೆ. ಹೊಸಬರು ಕಾಣುವ ಮೊದಲ ಸಾಲು ಬಹುಮಟ್ಟಿಗೆ ಹೀಗಿರುತ್ತದೆ: .!!!! ಒಂದು ಸೋಲು, ನಾಲ್ಕು ಗೆಲುವು. ಎಲ್ಲಿ ತಪ್ಪಿತೆಂದು ಅವರು ಕಂಗಾಲಾಗುತ್ತಾರೆ. ತಪ್ಪೇನೂ ಇಲ್ಲ. ವಿಳಾಸ ತಿಳಿದಿದ್ದರೂ ಆ ಮನೆಯ ಯಜಮಾನನ ಮುಖ ತಿಳಿದಿರಲಿಲ್ಲ. ನೆರೆಯವರಲ್ಲಿ ವಿಚಾರಿಸಿಕೊಂಡು ಬರುವಷ್ಟರಲ್ಲಿ ಮೊದಲ ಕೂಗು ಕಳೆದುಹೋಯಿತು. ಎರಡನೆಯ ಸಲ ಪಿಂಗ್ ಮಾಡಿದರೆ ಐದೂ ಗೆಲುವೇ.

ಇನ್ನೊಂದು ಪಾಠವನ್ನು ಬೆಂಗಳೂರಿನ ವಿದ್ಯುತ್ತು ಕಲಿಸುತ್ತದೆ. ನಿಜವಾದ ರೂಟರಿನಲ್ಲಿ ಬರೆದ ಆಜ್ಞೆಗಳು ಒಡನೆಯೇ ಜಾರಿಗೆ ಬರುತ್ತವೆ, ಆದರೆ ಅವು ಇರುವುದು ಕರೆಂಟು ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ಭಾಗದಲ್ಲಿ. ಉಳಿಸು ಎಂದು ಬೇರೆಯಾಗಿ ಹೇಳದಿದ್ದರೆ, ಕರೆಂಟು ಹೋಗಿ ಬಂದ ಮೇಲೆ ಪೆಟ್ಟಿಗೆ ಏನೂ ಅರಿಯದ ಶಿಶುವಿನಂತೆ ಎಚ್ಚರಗೊಳ್ಳುತ್ತದೆ. ಆದರೆ ಈ ಮರೆವೇ ಒಂದೊಂದು ಸಲ ಪ್ರಾಣ ಕಾಯುವುದೂ ಉಂಟು. ವೈಟ್‌ಫೀಲ್ಡಿನಲ್ಲಿ ಕುಳಿತು ಬೊಮ್ಮಸಂದ್ರದ ಕಾರ್ಖಾನೆಯ ರೂಟರನ್ನು ತಿದ್ದುವವನನ್ನು ನೆನೆಯಿರಿ. ಯಾರು ಒಳಗೆ ಬರಬಹುದೆಂಬ ಪಟ್ಟಿಯನ್ನು ಅವನು ಬರೆಯುತ್ತಾನೆ. ಆ ಪಟ್ಟಿಯ ಕೊನೆಯಲ್ಲಿ, ಬರೆಯದಿದ್ದರೂ, ‘ಉಳಿದವರಿಗೆಲ್ಲ ಪ್ರವೇಶವಿಲ್ಲ’ ಎಂಬ ಸಾಲು ಅಡಗಿರುತ್ತದೆ. ತನ್ನ ವಿಳಾಸವನ್ನೇ ಪಟ್ಟಿಗೆ ಸೇರಿಸಲು ಮರೆತರೆ ಆ ಕ್ಷಣದಲ್ಲೇ ಬಾಗಿಲು ಅವನ ಮುಖಕ್ಕೆ ಮುಚ್ಚುತ್ತದೆ. ಇನ್ನು ಉಳಿದದ್ದು ನಡುರಾತ್ರಿಯಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪಯಣ. ಅನುಭವಿಗಳು ಅದಕ್ಕೇ ಕೆಲಸಕ್ಕೆ ಮೊದಲು ‘ಹತ್ತು ನಿಮಿಷದಲ್ಲಿ ನೀನೇ ಮತ್ತೆ ಎಚ್ಚರಗೊಳ್ಳು’ ಎಂದು ರೂಟರಿಗೆ ಹೇಳಿಟ್ಟಿರುತ್ತಾರೆ. ಎಡವಟ್ಟಾದರೆ ಪೆಟ್ಟಿಗೆ ಉಳಿಸದ ಆಜ್ಞೆಗಳನ್ನು ಮರೆತು ಹಳೆಯ ಸ್ಥಿತಿಗೆ ಮರಳುತ್ತದೆ. ಎಲ್ಲವೂ ಸರಿಹೋದರೆ ಆ ಅಪ್ಪಣೆಯನ್ನು ರದ್ದು ಮಾಡುವುದು. ಅದನ್ನು ರದ್ದು ಮಾಡಲು ಮರೆತವರ ಪಾಡು ಬೇರೆ!

ಇದೆಲ್ಲ ಹೊಸಬರ ಪೇಚಾಟವೆಂದು ನಗುವಂತಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಜಾಲದಲ್ಲಿ ನಿತ್ಯದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಅದರ ಕೇಂದ್ರಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ತಪಾಸಣೆಯ ತಂತ್ರಾಂಶದಲ್ಲೇ ದೋಷವಿತ್ತು. ಸಂಸ್ಥೆಯ ವಿಳಾಸಗಳಿಗೆ ಹೋಗುವ ದಾರಿಗಳು ಲೋಕದ ರೂಟರುಗಳ ಪಟ್ಟಿಯಿಂದ ಅಳಿಸಿಹೋದವು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸಹಿತ ಎಲ್ಲವೂ ಸುಮಾರು ಆರು ಗಂಟೆಗಳ ಕಾಲ ಸ್ತಬ್ಧ. ದೂರದಿಂದ ಸರಿಪಡಿಸಲು ಜಾಲವೇ ಇಲ್ಲದೆ, ಎಂಜಿನಿಯರುಗಳು ಯಂತ್ರಗಳಿರುವ ಕಟ್ಟಡಕ್ಕೇ ಹೋಗಬೇಕಾಯಿತು.

ನೂರಿಪ್ಪತ್ತು ನಿಮಿಷ

ಈಗಿನ ರೂಪದ ಸಿ.ಸಿ.ಎನ್.ಎ. ಪರೀಕ್ಷೆ 2020ರ ಫೆಬ್ರವರಿ 24ರಂದು ಜಾರಿಗೆ ಬಂತು. ಅವಧಿ 120 ನಿಮಿಷ. ಪರೀಕ್ಷಾ ಕೇಂದ್ರದಲ್ಲಿ ಕೈಗಡಿಯಾರ, ಫೋನು, ಪರ್ಸು ಎಲ್ಲವನ್ನೂ ಹೊರಗಿಟ್ಟು, ಒರೆಸಿ ಬರೆಯುವ ಒಂದು ಹಾಳೆ ಮತ್ತು ಲೇಖನಿ ಹಿಡಿದು ಒಳಗೆ ಹೋಗಬೇಕು. ಜಾಣರು ಗಡಿಯಾರ ಓಡತೊಡಗುತ್ತಲೇ 128, 64, 32, 16 ಎಂದು ಆ ಸೇರು-ಪಾವಿನ ಪಟ್ಟಿಯನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತಾರೆ. ಒಮ್ಮೆ ಉತ್ತರಿಸಿ ಮುಂದೆ ಹೋದ ಪ್ರಶ್ನೆಗೆ ಹಿಂತಿರುಗುವಂತಿಲ್ಲ. ನಾಲ್ಕನೆಯ ಒಂದು ಭಾಗ ದಾರಿ ಹಾಕುವುದರ ಮೇಲೆಯೇ. ಜಾಲದ ಮೂಲತತ್ತ್ವ, ಸ್ವಿಚ್ಚುಗಳು, ರಕ್ಷಣೆ, ಸ್ವಯಂಚಾಲನೆ ಮುಂತಾದುವು ಉಳಿದ ಭಾಗ. ತೇರ್ಗಡೆಗೆ ಎಷ್ಟು ಅಂಕ ಬೇಕೆಂಬುದನ್ನು ಸಂಸ್ಥೆ ಪ್ರಕಟಿಸುವುದಿಲ್ಲ.

ಶುಲ್ಕ 300 ಡಾಲರು. ಅಂದರೆ ತೆರಿಗೆಯನ್ನು ಬಿಟ್ಟು 25,000 ರೂಪಾಯಿಗಳಿಗೂ ಮೇಲೆ. ಪೀಣ್ಯದ ತರುಣನಿಗೆ ಇದು ಒಂದು ತಿಂಗಳ ಸಂಬಳಕ್ಕಿಂತ ಕಡಿಮೆಯ ಮಾತಲ್ಲ. ಊರಿಗೆ ಕಳುಹಿಸಬೇಕಾದ ಹಣದಲ್ಲಿ, ತಂಗಿಯ ಕಾಲೇಜಿನ ಫೀಜಿನಲ್ಲಿ, ಹಬ್ಬದ ಬಟ್ಟೆಯಲ್ಲಿ ಇದನ್ನು ಹಿಡಿಯಬೇಕು. ಸೋತರೆ ಐದು ದಿನ ಕಾದು ಮತ್ತೆ ಕೂರಬಹುದು. ಮತ್ತೆ ಅಷ್ಟೇ ಹಣ ಕಟ್ಟಬೇಕು. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಬೇಕಾದರೆ ಜಪಾನಿ ಭಾಷೆಯೂ ಉಂಟು, ಕನ್ನಡವಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಲೆಕ್ಕದಲ್ಲಿ ಚುರುಕಾಗಿದ್ದರೂ, ಉದ್ದನೆಯ ಇಂಗ್ಲಿಷ್ ವಾಕ್ಯದ ನಡುವೆ ಅಡಗಿದ ‘ಅಲ್ಲ’ ಎಂಬ ಒಂದು ಪದವನ್ನು ಕಾಣದೆ ಅಂಕ ಕಳೆದುಕೊಳ್ಳುತ್ತಾನೆ. ಇದು ವಿದ್ಯೆಯ ಕೊರತೆಯಲ್ಲ, ಆದರೂ ಫಲಿತಾಂಶದಲ್ಲಿ ಹಾಗೆಯೇ ಕಾಣುತ್ತದೆ.

ಹಣ ಹೋದೀತೆಂಬ ಭಯವೇ ಅಡ್ಡದಾರಿಯ ಮೂಲ. ಹಿಂದಿನ ಪರೀಕ್ಷೆಗಳಲ್ಲಿ ಬಂದ ಪ್ರಶ್ನೆಗಳನ್ನು ಕದ್ದು ಕಲೆಹಾಕಿದ ‘ಡಂಪ್’ ಎಂಬ ಸರಕು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಉತ್ತರಗಳನ್ನು ಬಾಯಿಪಾಠ ಮಾಡಿ ಗೆದ್ದವರೂ ಇದ್ದಾರೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದು, ಮುಂದಿನ ಪರೀಕ್ಷೆಗಳಿಗೆ ಬಹಿಷ್ಕಾರ. ಸಿಕ್ಕಿಬೀಳದಿದ್ದರೂ ಉದ್ಯೋಗದ ಸಂದರ್ಶನವೆಂಬುದು ಇದೆ. ಎದುರು ಕುಳಿತ ಹಿರಿಯರು ಕೈಗೆ ಲೇಖನಿ ಕೊಟ್ಟು, “ಒಂದೇ ಊರಿಗೆ ಎರಡು ದಾರಿಯಿದ್ದರೆ ರೂಟರ್ ಯಾವುದನ್ನು ಆರಿಸುತ್ತೆ? ಬಿಡಿಸಿ ತೋರಿಸಿ” ಎಂದರೆ ಬಾಯಿಪಾಠ ಅಲ್ಲಿಗೇ ನಿಲ್ಲುತ್ತದೆ. ‘ಕೆಲಸ ಖಾತ್ರಿ’ ಎಂದು ಕಂಬಕಂಬಕ್ಕೆ ಹಚ್ಚಿದ ಜಾಹೀರಾತುಗಳನ್ನೂ ಇದೇ ಸಾಲಿಗೆ ಸೇರಿಸಬೇಕು. ಪರೀಕ್ಷೆ ಗೆದ್ದವರಿಗೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಯಾವ ಸಂಸ್ಥೆಗೂ ಇಲ್ಲ. ಖಾತ್ರಿ ಕೊಡುವವರು ಶುಲ್ಕವನ್ನು ಮೊದಲೇ ಏಕೆ ಕೇಳುತ್ತಾರೆಂದು ತಂದೆತಾಯಿಗಳು ವಿಚಾರಿಸುವುದು ಮೇಲು.

ಕೆಲಸ ಸಿಕ್ಕವರಿಗೆ ಮೊದಲ ವರ್ಷಗಳು ಬಹುಶಃ ರಾತ್ರಿಯವೇ. ಬೆಂಗಳೂರಿನ ಮಧ್ಯರಾತ್ರಿ ನ್ಯೂಯಾರ್ಕಿನ ನಡುಹಗಲು. ಹೊರವರ್ತುಲ ರಸ್ತೆಯಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಸಾಲು ಪರದೆಗಳ ಮುಂದೆ ಕುಳಿತು, ಎಲ್ಲೋ ಒಂದು ಬ್ಯಾಂಕಿನ ಶಾಖೆಯ ಹಸುರು ಚುಕ್ಕೆ ಕೆಂಪಾಗುವುದನ್ನು ಕಾಯುವ ಕೆಲಸ. ಕೆಂಪಾದೊಡನೆ ಚೀಟಿ ಬರೆದು, ತನ್ನಿಂದಾದರೆ ಸರಿಪಡಿಸಿ, ಆಗದಿದ್ದರೆ ಮೇಲಿನವರನ್ನು ಎಬ್ಬಿಸಬೇಕು. ಪ್ರಮಾಣಪತ್ರಕ್ಕೆ ಆಯುಸ್ಸು ಮೂರೇ ವರ್ಷ. ಅಷ್ಟರಲ್ಲಿ ಮತ್ತೆ ಪರೀಕ್ಷೆ ಕೊಡಬೇಕು, ಇಲ್ಲವೇ ಮುಂದುವರಿದ ಕಲಿಕೆಯಿಂದ 30 ಅಂಶಗಳನ್ನು ಗಳಿಸಬೇಕು. ಶಿಖರದಲ್ಲಿ ಸಿ.ಸಿ.ಐ.ಇ. ಎಂಬ ಪರೀಕ್ಷೆಯಿದೆ. 1993ರಲ್ಲಿ ಆರಂಭವಾದಾಗ ಅದರ ಪ್ರಯೋಗ ಎರಡು ದಿನಗಳದಾಗಿತ್ತು, ಈಗ ಒಂದೇ ದಿನದಲ್ಲಿ ಎಂಟು ಗಂಟೆ. ಗೆದ್ದವರಿಗೆ ಒಂದೊಂದು ಸಂಖ್ಯೆ ಸಿಗುತ್ತದೆ. ಎಣಿಕೆ ಒಂದರಿಂದಲ್ಲ, ಎರಡರ ಮಗ್ಗಿಯ ಗೌರವಕ್ಕೋ ಎಂಬಂತೆ 1024ರಿಂದ ಆರಂಭವಾಯಿತು, ಆ ಮೊದಲ ಸಂಖ್ಯೆಯನ್ನು ಪ್ರಯೋಗಶಾಲೆಗೇ ಕೊಟ್ಟರು. ಅಂಥ ಪ್ರಯೋಗಶಾಲೆಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ.

ಪೀಣ್ಯದ ಕೋಣೆಗೆ ಅದು ಇನ್ನೂ ದೂರ. ಗಂಟೆ ಒಂದೂವರೆಯಾಗಿದೆ. ಎರಡು ರೂಟರುಗಳ ನಡುವಿನ ನಾಲ್ಕು ಕಾಳಿನ ಕೊಂಡಿಯಲ್ಲಿ ಅವನು ಒಂದು ಬದಿಗೆ 113 ಕೊಟ್ಟು, ಇನ್ನೊಂದು ಬದಿಗೆ 115 ಕೊಟ್ಟಿದ್ದ. ಡಂಗುರದ ವಿಳಾಸ ಅದು, ಯಂತ್ರ ಒಪ್ಪದಿದ್ದುದಕ್ಕೆ ಕಾರಣ ಸಿಕ್ಕಿತು. 114 ಎಂದು ತಿದ್ದಿ, ಮುಚ್ಚಬೇಡ ಎಂದು ಬರೆದು, ಪಿಂಗ್ ಮಾಡುತ್ತಾನೆ. ಒಂದು ಚುಕ್ಕೆ, ನಾಲ್ಕು ಆಶ್ಚರ್ಯಚಿಹ್ನೆ. ಉಳಿಸು ಎಂದು ಆಜ್ಞೆ ಕೊಟ್ಟು, ಬೆಳಗಿನ ಆರಕ್ಕೆ ಅಲಾರಂ ಇಟ್ಟು ದೀಪ ಆರಿಸುತ್ತಾನೆ.